ಕೊಯ್ಲಿಗೆ ಇನ್ನು ನಲವತ್ತು ದಿನ

ಮೆಕ್ಕೆಜೋಳದ ಕಾಳಿನ ನೆತ್ತಿಯಲ್ಲಿ ಗುಳಿ ಬಿತ್ತು ಎಂದರೆ ಕೊಯ್ಲಿನ ಎಣಿಕೆ ಶುರುವಾಯಿತು ಎಂದೇ ಅರ್ಥ. ರಸ್ತೆಯಲ್ಲಿ ನಿಂತು ನೋಡಿದರೆ ಹೊಲವಿನ್ನೂ ಹಸಿರು, ಕೆಲಸವೇನೂ ಇಲ್ಲ ಅನ್ನಿಸುತ್ತದೆ. ಗುಳಿ ಬಿದ್ದ ದಿನದಿಂದ ಕಾಳು ಪೂರ್ತಿ ಬಲಿಯಲು 20ರಿಂದ 25 ದಿನ ಬೇಕು; ಬಲಿತ ಮೇಲೆ ಕೊಯ್ಯುವ ಹದಕ್ಕೆ ಆರಲು ಇನ್ನೆರಡು ವಾರ. ಹೆಚ್ಚುಕಡಿಮೆ ನಲವತ್ತು ದಿನ. ಯಾವ ಹೊಲ ಮೊದಲು, ಯಾವುದು ಕೊನೆಗೆ, ಕಾಳು ಎಲ್ಲಿ ಆರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೆಲ್ಲ ಈ ದಿನಗಳಲ್ಲಿ ಗೊತ್ತುಮಾಡಿಕೊಳ್ಳದಿದ್ದರೆ ಕೊಯ್ಲಿನ ದಿನ ಕೊಯ್ದು ಒಕ್ಕುವ ಯಂತ್ರದ ಚಾಲಕನೇ ಎಲ್ಲವನ್ನೂ ಗೊತ್ತುಮಾಡುತ್ತಾನೆ.

ಸಮಶೀತೋಷ್ಣ ಸೀಮೆಗಳಲ್ಲಿ ಈ ಹಂತ ಬೇಸಿಗೆ ಇಳಿಯುವ ಹೊತ್ತಿಗೆ ಬರುತ್ತದೆ. ಬಿತ್ತನೆಯ ಕಾಲ ಬೇರೆಯಾದ ಕಡೆ ತಿಂಗಳೂ ಬೇರೆ. ಪಂಚಾಂಗ ಬಿಟ್ಟು ಕಾಳನ್ನೇ ನೋಡುವುದು ಒಳ್ಳೆಯದು. ಮೆಕ್ಕೆಜೋಳವನ್ನು ಮುಂದಿಟ್ಟುಕೊಂಡು ಬರೆಯುತ್ತೇನೆ; ಸೋಯಾ, ಭತ್ತ, ಗೋಧಿ, ಬಿಳಿಜೋಳದ ಮಾತು ಬೇಕಾದಲ್ಲಿ ಬರುತ್ತದೆ.

ಹಾಲುಗೆರೆ, ಕಪ್ಪು ಪದರ

ತೆನೆಯನ್ನು ನಡುವೆ ಮುರಿಯಿರಿ. ಕಾಳಿನ ಮೊಳಕೆಯ ಮೈ ತೆನೆಯ ತುದಿಯ ಕಡೆಗೆ ತಿರುಗಿರುತ್ತದೆ, ಹಾಲುಗೆರೆ ಕಾಣುವುದು ಅದರ ಬೆನ್ನ ಮೇಲೆ. ಹಾಗಾಗಿ ತುದಿಯ ಅರ್ಧವನ್ನು ಹಿಡಿದು ಮುರಿದ ಬಾಯಿಯ ಕಡೆಯಿಂದ ನೋಡಬೇಕು. ಬುಡದ ಅರ್ಧ ಹಿಡಿದು ಗೆರೆ ಕಾಣುತ್ತಿಲ್ಲ ಎನ್ನುವವರು ಬಹಳ. ಗೆರೆಯಿಂದ ನೆತ್ತಿಯ ಕಡೆಗೆ ಗಟ್ಟಿ ಪಿಷ್ಟ, ದಿಂಡಿನ ಕಡೆಗೆ ಇನ್ನೂ ಹಾಲು. ಕಣ್ಣಿಗೆ ಗೊತ್ತಾಗದಿದ್ದರೆ ಉಗುರಿನಿಂದ ನೆತ್ತಿಯಿಂದ ಕೆಳಕ್ಕೆ ಒತ್ತುತ್ತ ಬನ್ನಿ, ಮೆತ್ತಗಾದ ಜಾಗವೇ ಗೆರೆ.

ಗುಳಿ ಬೀಳುವಾಗ ಕಾಳಿನ ತೇವಾಂಶ ಶೇ 55ರಿಂದ 60. ಗೆರೆ ಅರ್ಧಕ್ಕಿಳಿದಾಗ 40ರ ಸುಮಾರು. ಗೆರೆ ಬುಡ ಮುಟ್ಟಿ, ಕಾಳಿನ ತೊಟ್ಟಿನ ತುದಿಯನ್ನು ಚಿವುಟಿದರೆ ಕಪ್ಪು ಪದರ ಕಾಣುವಾಗ 30ರಿಂದ 35. ಗಿಡದಿಂದ ಕಾಳಿಗೆ ಬರುತ್ತಿದ್ದ ದಾರಿ ಮುಚ್ಚಿಕೊಂಡಿದ್ದರ ಗುರುತು ಆ ಪದರ. ಅಲ್ಲಿಂದಾಚೆಗೆ ತೂಕ ಕೂಡುವುದಿಲ್ಲ, ನೀರು ಆರುವುದಷ್ಟೇ ಬಾಕಿ. ಬಿಸಿಲು ಗಾಳಿ ಚೆನ್ನಾಗಿದ್ದರೆ ದಿನಕ್ಕೆ ಶೇ 0.5ರಿಂದ 1ರಷ್ಟು ಆರುತ್ತದೆ. ತಂಪು ಹಿಡಿದರೆ ಅದರ ಅರ್ಧವೂ ಆರದು. ಸಿಪ್ಪೆ ಸಡಿಲವಾಗಿ ತೆನೆ ಕೆಳಮುಖವಾಗಿ ಜೋತ ತಳಿಗಳು ಬೇಗ ಆರುತ್ತವೆ. ಸಿಪ್ಪೆ ಬಿಗಿಯಾಗಿ ತೆನೆ ನೆಟ್ಟಗೆ ನಿಂತರೆ ಮಳೆನೀರು ತೆನೆಯ ಬುಡದಲ್ಲೇ ನಿಲ್ಲುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು ನೀರಿನದು. ಗುಳಿ ಬಿತ್ತು, ಇನ್ನೇನು ಆಯಿತಲ್ಲ ಎಂದು ಪಂಪು ನಿಲ್ಲಿಸುತ್ತಾರೆ. ಹಾಲುಗೆರೆ ಅರ್ಧಕ್ಕೆ ಬಂದಾಗಲೂ ತೂಕದ ಹತ್ತರಲ್ಲೊಂದು ಪಾಲು ಬರುವುದಿರುತ್ತದೆ, ಗುಳಿ ಬೀಳುವಾಗಲಂತೂ ಬಾಕಿಯಿರುವುದು ಅದಕ್ಕಿಂತ ಎಷ್ಟೋ ಹೆಚ್ಚು. ಬೇರಿನ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಉಂಡೆ ಕಟ್ಟಿದರೆ ಅಷ್ಟು ನೀರಿನಲ್ಲೇ ಕಪ್ಪು ಪದರದವರೆಗೆ ಬರಬಹುದು. ಪುಡಿಪುಡಿಯಾದರೆ ಇನ್ನೊಂದು ನೀರು ಬೇಕು. ಕೊನೆಯ ನೀರನ್ನು ತೀರಾ ತಡವಾಗಿಯೂ ಕೊಡಬಾರದು, ಆಮೇಲೆ ಯಂತ್ರದ ಚಕ್ರ ಹಸಿಮಣ್ಣಿನಲ್ಲಿ ಹೂತುಹೋಗುತ್ತದೆ.

ರಾತ್ರಿ ಸೆಕೆ ಹೆಚ್ಚಾದ ವರ್ಷ ಕಾಳು ಬೇಗ ಬಲಿಯುತ್ತದೆ, ಆದರೆ ಹಗುರ. ಗಿಡ ಹಗಲು ಗಳಿಸಿದ್ದರಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಟದಲ್ಲಿ ಕಳೆಯುತ್ತದೆ, ತುಂಬುವ ದಿನಗಳೂ ಕಡಿಮೆಯಾಗುತ್ತವೆ. ಬೇಗ ಬಲಿತಿದೆ ಎಂದು ಹಿಗ್ಗುವ ಮೊದಲು ಸಾವಿರ ಕಾಳು ತೂಗಿ ನೋಡಿ.

ಕೆಳಗಿನ ಎಲೆಗಳನ್ನೂ ಒಮ್ಮೆ ನೋಡಿಬಿಡಿ. ಎಲೆಯ ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿ ಇಳಿದಿದ್ದರೆ ಸಾರಜನಕದ ಕೊರತೆ, ಅಂಚು ಮಾತ್ರ ಸುಟ್ಟಂತಾಗಿದ್ದರೆ ಪೊಟ್ಯಾಷ್. ಈ ಬೆಳೆಗೆ ಈಗ ಮಾಡುವಂಥದ್ದೇನೂ ಇಲ್ಲ. ಆದರೆ ಪೊಟ್ಯಾಷ್ ಕೊರತೆಯ ಹೊಲದಲ್ಲಿ ದಂಟು ಬೇಗ ಮೆತ್ತಗಾಗುತ್ತದೆ, ಆ ಹೊಲದ ಹೆಸರನ್ನು ಗುರುತುಹಾಕಿಕೊಳ್ಳಬೇಕು.

ಇಳುವರಿಯ ಅಂದಾಜು

ಅಂದಾಜು ಬೇಕಾಗಿರುವುದು ಹೆಮ್ಮೆಗಲ್ಲ. ಎಷ್ಟು ಜಾಗ, ಎಷ್ಟು ಗಾಡಿ, ಎಷ್ಟು ಒಣಗಿಸುವ ಸಾಮರ್ಥ್ಯ ಬೇಕು ಎಂದು ತಿಳಿಯಲಿಕ್ಕೆ. ಎಕರೆಯ ಸಾವಿರದೊಂದು ಪಾಲು ಅಳೆಯಿರಿ. ಸಾಲಿನ ಅಂತರ 60 ಸೆಂಟಿಮೀಟರ್ ಇದ್ದರೆ ಒಂದೇ ಸಾಲಿನಲ್ಲಿ 6.75 ಮೀಟರ್, 75 ಇದ್ದರೆ 5.4 ಮೀಟರ್, 45 ಇದ್ದರೆ 9 ಮೀಟರ್. ಆ ಉದ್ದದಲ್ಲಿ ಎಷ್ಟು ತೆನೆ ಎಂದು ಎಣಿಸಿ. ಪ್ರತಿ ಐದನೆಯ ತೆನೆ ಸುಲಿದು ಸುತ್ತಳತೆಯಲ್ಲಿ ಎಷ್ಟು ಸಾಲು, ಸಾಲಿನಲ್ಲಿ ಎಷ್ಟು ಕಾಳು ನೋಡಿ. ಸುತ್ತಿನ ಸಾಲುಗಳು ಸಮಸಂಖ್ಯೆಯಲ್ಲೇ ಇರುತ್ತವೆ, 13 ಬಂದರೆ ಎಣಿಕೆ ತಪ್ಪಿದೆ. ತುದಿಯ ಬಡಕಲು ಕಾಳು ಲೆಕ್ಕಕ್ಕಿಲ್ಲ.

26 ತೆನೆ, 14 ಸಾಲು, ಸಾಲಿಗೆ 30 ಕಾಳು ಎಂದಿಟ್ಟುಕೊಳ್ಳಿ. ತೆನೆಗೆ 420 ಕಾಳು, ಒಟ್ಟು 10,920. ಸಾವಿರ ಕಾಳಿನ ತೂಕ 280 ಗ್ರಾಂ ಎಂದು ಹಿಡಿದರೆ 3.06 ಕಿಲೊ, ಎಕರೆಗೆ 30 ಕ್ವಿಂಟಲ್ ಮೇಲೆ ಸ್ವಲ್ಪ. ಕಾಳಿನ ತೂಕ 250ಕ್ಕೆ ಇಳಿದರೆ ಅದೇ ಹೊಲ 27 ಕ್ವಿಂಟಲಿಗೆ ಬರುತ್ತದೆ. ಹಾಲುಗಾಳಿನ ಹಂತದಲ್ಲೇ ಮಾಡಿದ ಅಂದಾಜು ಕೈಕೊಡುವುದು ಈ ತೂಕದಲ್ಲೇ, ಎಣಿಕೆಯಲ್ಲಲ್ಲ. ಬದುವಿನ ಪಕ್ಕದ ಸಾಲನ್ನು ಎಣಿಸಬೇಡಿ. ಹೊಲದೊಳಗೆ ನಡೆದು ಕನಿಷ್ಠ ಐದು ಕಡೆ ಎಣಿಸಿ, ಚೆನ್ನಾಗಿ ಕಂಡ ಜಾಗಕ್ಕೆ ಕಾಲು ತಾನಾಗಿ ಎಳೆಯುವುದನ್ನು ತಡೆಯಿರಿ.

ತೆನೆ ಕೈಯಲ್ಲಿರುವಾಗಲೇ ಅದರ ಕಥೆಯನ್ನೂ ಓದಬಹುದು. ತುದಿಯಲ್ಲಿ ಕಾಳೇ ಇಲ್ಲದೆ ದಿಂಡು ಬರಿದಾಗಿದ್ದರೆ ಹೂವಿನ ಹೊತ್ತಿನಲ್ಲಿ ಅಥವಾ ಅದಾದ ಎರಡು ಮೂರು ವಾರದೊಳಗೆ ನೀರು, ಗೊಬ್ಬರ, ಬಿಸಿಲು ಯಾವುದೋ ಒಂದು ಸಾಲದೆ ಹೋಗಿದೆ. ಕಾಳು ಕಟ್ಟಿದ್ದು ಸರಿಯಾಗಿದ್ದು ಎಲ್ಲವೂ ಸಪ್ಪಟೆಯಾಗಿದ್ದರೆ ಬರ ಬಂದದ್ದು ಆಮೇಲೆ. ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಖಾಲಿಯಿದ್ದರೆ ಪರಾಗ ಸೇರಿಲ್ಲ, ಅಥವಾ ಹುಳು ತೆನೆಯ ಕೂದಲನ್ನು ಕತ್ತರಿಸಿದೆ.

ದಂಟು ಒತ್ತುವ ಪರೀಕ್ಷೆ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡಲು ಪುರಸೊತ್ತಿದ್ದರೆ ಇದನ್ನು ಮಾಡಿ. ಹೊಲದ ಐದು ಕಡೆ ಸಾಲಾಗಿ ಇಪ್ಪತ್ತು ಇಪ್ಪತ್ತು ಗಿಡ ಆರಿಸಿ, ಒಟ್ಟು ನೂರು. ಸೊಂಟದೆತ್ತರದಲ್ಲಿ ಹಿಡಿದು ನೆಟ್ಟಗಿನಿಂದ 30 ಡಿಗ್ರಿಯಷ್ಟು ಪಕ್ಕಕ್ಕೆ ಒತ್ತಿ ಬಿಡಿ. ವಾಪಸು ಪುಟಿದರೆ ಗಟ್ಟಿ. ಮುರಿದರೆ, ಅಥವಾ ಅಲ್ಲೇ ವಾಲಿಕೊಂಡರೆ, ದಂಟು ಒಳಗೆ ಕೊಳೆತಿದೆ. ಬುಡದ ಗೆಣ್ಣುಗಳ ನಡುವೆ ಹೆಬ್ಬೆರಳಿನಿಂದ ಹಿಚುಕಿದಾಗ ಕುಸಿದರೂ ಅದೇ ಅರ್ಥ. ನೂರರಲ್ಲಿ ಹತ್ತು ಹದಿನೈದು ಬಿದ್ದರೆ ಆ ಹೊಲ ಕೊಯ್ಲಿನ ಪಟ್ಟಿಯಲ್ಲಿ ಮೊದಲನೆಯದು, ತೇವಾಂಶ ಶೇ 25 ಇದ್ದರೂ ಸರಿ.

ಹೀಗೇಕಾಗುತ್ತದೆ? ಕಾಳು ತುಂಬುವ ಹೊತ್ತಿನಲ್ಲಿ ಎಲೆರೋಗ, ಬರ, ಮೋಡ ಅಥವಾ ಸಾರಜನಕದ ಕೊರತೆಯಿಂದ ಎಲೆಗಳ ಗಳಿಕೆ ಕುಗ್ಗಿದರೆ ಗಿಡ ಕಾಳಿಗೆ ಕೊಡುವುದನ್ನು ನಿಲ್ಲಿಸುವುದಿಲ್ಲ. ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಎಳೆದು ತೆನೆಗೆ ಸುರಿಯುತ್ತದೆ. ಬರಿದಾದ ದಂಟಿಗೆ ಶಿಲೀಂಧ್ರ ಸುಲಭವಾಗಿ ಹೊಕ್ಕುತ್ತದೆ. ಹಾಗಾಗಿ ತೆನೆ ದಪ್ಪವಾಗಿ ಚೆನ್ನಾಗಿ ಕಟ್ಟಿದ ಹೊಲದಲ್ಲೇ ದಂಟು ಹೆಚ್ಚು ಸೊರಗಿರುವುದುಂಟು. ಇಳುವರಿ ಚೆನ್ನಾಗಿರುವ ಹೊಲವನ್ನು ಇನ್ನಷ್ಟು ಒಣಗಲಿ ಎಂದು ಕೊನೆಗಿಟ್ಟು, ಒಂದು ಗಾಳಿಮಳೆಗೆ ಅರ್ಧ ಹೊಲ ಮಲಗಿದರೆ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ. ನೆಲಕ್ಕೆ ಬಿದ್ದ ತೆನೆಯನ್ನು ಯಾವ ಯಂತ್ರವೂ ಪೂರ್ತಿ ಎತ್ತುವುದಿಲ್ಲ. ನಾಲ್ಕು ಸಾಲು ಅಗಲ, 17 ಮೀಟರ್ ಉದ್ದದ ಜಾಗದಲ್ಲಿ ಒಂದೇ ಒಂದು ತೆನೆ ಉಳಿದರೆ ಎಕರೆಗೆ ಸುಮಾರು 12 ಕಿಲೊ ಹೋಯಿತು. ಇದು ಸಾಲಿನ ಅಂತರ 60 ಸೆಂಟಿಮೀಟರ್ ಇರುವ ಹೊಲದ ಲೆಕ್ಕ.

ಅದೇ ನಡಿಗೆಯಲ್ಲಿ ಸಿಪ್ಪೆ ಸುಲಿದು ಬೂಷ್ಟು ನೋಡಿ. ಆಲಿವ್ ಹಸಿರಿನ ಪುಡಿ ಕಂಡರೆ ಆಸ್ಪರ್ಜಿಲಸ್ ಶಿಲೀಂಧ್ರ, ಸೆಕೆ ಮತ್ತು ಬರದ ವರ್ಷದ್ದು, ಅಫ್ಲಾಟಾಕ್ಸಿನ್ ವಿಷದ ಮೂಲ. ಅಲ್ಲೊಂದು ಇಲ್ಲೊಂದು ಕಾಳಿನ ಮೇಲೆ ಬಿಳಿ ಅಥವಾ ತಿಳಿಗುಲಾಬಿ ಹತ್ತಿ, ಕಾಳಿನ ನೆತ್ತಿಯಿಂದ ನಕ್ಷತ್ರದಂತೆ ಬಿಳಿ ಗೆರೆ ಇದ್ದರೆ ಫ್ಯುಸೇರಿಯಂ; ಹುಳು ಕೊರೆದ ತೆನೆಯಲ್ಲಿ ಇದು ಹೆಚ್ಚು. ತುದಿಯಿಂದ ಕೆಂಪುಗುಲಾಬಿ ಇಳಿದಿದ್ದರೆ ಜಿಬ್ಬರೆಲ್ಲಾ, ತಂಪು ಮಳೆಯದ್ದು. ತೆನೆಯ ಬುಡದಿಂದ ದಪ್ಪ ಬಿಳಿ ಬೂಷ್ಟು ಏರಿ ತೆನೆಯೇ ಹಗುರಾಗಿದ್ದರೆ ಡಿಪ್ಲೋಡಿಯ. ಬೂಷ್ಟು ಇದ್ದ ಮಾತ್ರಕ್ಕೆ ವಿಷ ಇದ್ದೇ ಇದೆ ಎಂದಲ್ಲ, ಇಲ್ಲದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. ಬೂಷ್ಟು ಹಬ್ಬಿದ ಹೊಲವನ್ನು ಬೇಗ ಕೊಯ್ದು, ತಡಮಾಡದೆ ಶೇ 15ಕ್ಕಿಂತ ಕೆಳಗೆ ಒಣಗಿಸಿ, ಬೇರೆಯಾಗಿಯೇ ಇಡಬೇಕು. ಯಂತ್ರದ ಫ್ಯಾನನ್ನು ಸ್ವಲ್ಪ ಜೋರು ಮಾಡಿದರೆ ಹಗುರಾದ ರೋಗದ ಕಾಳು ಹೊಟ್ಟಿನ ಜೊತೆ ಹೊರಹೋಗುತ್ತದೆ. ವಿಷ ಹೆಚ್ಚಾಗಿ ಕೂಡಿರುವುದು ನುಚ್ಚಿನಲ್ಲಿ, ಆ ನುಚ್ಚನ್ನು ಪರೀಕ್ಷೆ ಮಾಡಿಸದೆ ದನಕ್ಕೆ ಹಾಕಬೇಡಿ.

ಈ ಹಂತದಲ್ಲಿ ಹುಳುವಿಗೋ ರೋಗಕ್ಕೋ ಔಷಧ ಹೊಡೆಯಬೇಕೆನ್ನಿಸಿದರೆ, ಹೊಡೆದ ದಿನಕ್ಕೂ ಕೊಯ್ಲಿಗೂ ಎಷ್ಟು ದಿನ ಬಿಡಬೇಕು ಎಂದು ಡಬ್ಬಿಯ ಚೀಟಿಯಲ್ಲಿ ಓದಿಯೇ ಕ್ಯಾನಿಗೆ ಕೈಹಾಕಿ.

ಬೇರೆ ಬೆಳೆಗಳ ಹದ

ಸೋಯಾದಲ್ಲಿ ಎಲೆ ಉದುರಿದ್ದು ಗುರುತಲ್ಲ, ಕಾಯಿಯ ಬಣ್ಣ ಗುರುತು. ನೂರಕ್ಕೆ 95 ಕಾಯಿ ಬಲಿತ ಬಣ್ಣಕ್ಕೆ ತಿರುಗಿದ ಮೇಲೆ ಐದರಿಂದ ಹತ್ತು ದಿನ ಒಳ್ಳೆಯ ಬಿಸಿಲು ಸಿಕ್ಕರೆ ತೇವಾಂಶ 15ರ ಕೆಳಗಿಳಿಯುತ್ತದೆ. 13ರಲ್ಲಿ ಕೊಯ್ಯುವುದು ಉತ್ತಮ. 11ಕ್ಕಿಂತ ಕೆಳಗಿಳಿದರೆ ಯಂತ್ರ ಮುಟ್ಟುತ್ತಿದ್ದಂತೆ ಕಾಯಿ ಸಿಡಿಯುತ್ತದೆ, ಕಾಳು ಎರಡು ಬೇಳೆಯಾಗುತ್ತದೆ. ಅಂಥ ದಿನ ನಡುಮಧ್ಯಾಹ್ನ ನಿಲ್ಲಿಸಿ, ಕಾಯಿಗೆ ಸ್ವಲ್ಪ ತೇವ ಹತ್ತುವ ಬೆಳಗು ಸಂಜೆಯಲ್ಲಿ ಕೊಯ್ಯಿರಿ. ದಂಟು ಹಸಿರಾಗಿ ಉಳಿದು ಕಾಯಿ ಒಣಗಿದ್ದರೆ ದಂಟಿಗಾಗಿ ಕಾಯಬೇಡಿ, ಬ್ಲೇಡು ಹರಿತ ಮಾಡಿ ನಿಧಾನ ಹೋಗಿ.

ಭತ್ತದಲ್ಲಿ ತೆನೆಯ ಶೇ 80ರಿಂದ 85ರಷ್ಟು ಕಾಳು ಹುಲ್ಲುಬಣ್ಣಕ್ಕೆ ಬಂದಾಗ, 20ರಿಂದ 22ರ ತೇವಾಂಶದಲ್ಲಿ ಕೊಯ್ಯಬೇಕು. ಗದ್ದೆಯ ನೀರನ್ನು ಅದಕ್ಕಿಂತ ಹತ್ತು ದಿನ ಮೊದಲೇ ಬಸಿಯಿರಿ, ಜಿಗುಟು ಮಣ್ಣಾದರೆ ಇನ್ನೂ ಸ್ವಲ್ಪ ಮುಂಚೆ. ತಡಮಾಡಿದರೆ ಹಗಲು ಒಣಗಿದ ಕಾಳು ರಾತ್ರಿ ಇಬ್ಬನಿ ಕುಡಿದು ಒಳಗೇ ಬಿರಿಯುತ್ತದೆ. ಹೊರಗೆ ಏನೂ ಕಾಣದು, ಗಿರಣಿಯಲ್ಲಿ ಅಕ್ಕಿ ನುಚ್ಚಾಗಿ ಬಿದ್ದಾಗ ಗೊತ್ತಾಗುತ್ತದೆ.

ಗೋಧಿಗೆ ಹೆಬ್ಬೆರಳ ಉಗುರು ಇಳಿಯಬಾರದು, ಹಲ್ಲಿಗಿಟ್ಟರೆ ಕಟ್ ಎನ್ನಬೇಕು. ಬಲಿತ ಮೇಲೆ ಮಳೆ ಬಂದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ. ಅದಕ್ಕೆ ಹೆದರಿ ಸ್ವಲ್ಪ ಹಸಿಯಿರುವಾಗಲೇ ಕೊಯ್ದು ಗಾಳಿ ಕೊಟ್ಟು ಒಣಗಿಸುವುದು ತಪ್ಪಲ್ಲ. ಬಿಳಿಜೋಳದ ಕಾಳಿನ ಬುಡದಲ್ಲೂ ಕಪ್ಪು ಚುಕ್ಕೆ ಮೂಡುತ್ತದೆ. ಆದರೆ ಗಿಡ ಹಸಿರಾಗಿಯೇ ಇರುವುದರಿಂದ ಎಲೆಯನ್ನು ನಂಬಬಾರದು, ತೆನೆಯ ಬುಡದ ಕಾಳನ್ನು ನೋಡಬೇಕು. ಬಲಿಯುವುದು ತುದಿಯಿಂದ ಕೆಳಕ್ಕೆ.

ಮೊದಲು ಕಣಜ, ಆಮೇಲೆ ಯಂತ್ರ

ಎಲ್ಲರೂ ಯಂತ್ರದಿಂದ ಶುರುಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹಿಂದುಮುಂದು. ಯಂತ್ರ ದಿನಕ್ಕೆ 20 ಎಕರೆ ಕೊಯ್ದು 600 ಕ್ವಿಂಟಲ್ ತಂದು ಸುರಿದು, ಒಣಗಿಸುವ ಸಾಮರ್ಥ್ಯ ದಿನಕ್ಕೆ 400 ಮಾತ್ರ ಇದ್ದರೆ ಪ್ರತಿ ಸಂಜೆ 200 ಕ್ವಿಂಟಲ್ ಹಸಿಕಾಳು ರಾಶಿಯಲ್ಲಿ ಕೂತು ಬಿಸಿಯೇರುತ್ತದೆ. ಮೂರನೆಯ ದಿನಕ್ಕೆ ರಾಶಿಯೊಳಗೆ ಕೈಹಾಕಿದರೆ ಕಾವು, ಹುಳಿವಾಸನೆ. ಕೊಯ್ಲಿನ ವೇಗವನ್ನು ಗೊತ್ತುಮಾಡುವುದು ಎಲ್ಲಕ್ಕಿಂತ ನಿಧಾನವಾದ ಕೊಂಡಿ. ಹಸಿಕಾಳು ಕಾಯಲೇಬೇಕಾದರೆ ಅದರ ಮೂಲಕ ಗಾಳಿ ಹಾಯಿಸಿ ತಂಪಾಗಿಡಿ. ಐದಾರು ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ಕೆಡುವವರೆಗಿನ ಸಮಯ ಸರಿಸುಮಾರು ಎರಡರಷ್ಟಾಗುತ್ತದೆ.

ತೂಕದ ಲೆಕ್ಕದಲ್ಲೂ ಮೋಸಹೋಗುವುದುಂಟು. ಶೇ 24ರ ಕಾಳನ್ನು 14ಕ್ಕೆ ಒಣಗಿಸಿದರೆ ನೂರು ಕ್ವಿಂಟಲಿನಲ್ಲಿ ಹತ್ತು ಹೋಗಿ 90 ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಉಳಿಯುವುದು 88.4. ನೂರರಲ್ಲಿ ಒಣಪದಾರ್ಥ 76. ಒಣಗಿದ ಮೇಲೆ ಅದೇ 76 ಒಟ್ಟು ತೂಕದ ಶೇ 86 ಆಗಬೇಕು. 76ನ್ನು 0.86ರಿಂದ ಭಾಗಿಸಿ. ಇನ್ನೊಂದು ಕಡೆಯಿಂದ, 14 ಸಾಕಾಗಿದ್ದಾಗ 11ಕ್ಕೆ ಒಣಗಿಸಿದರೆ ಇಂಧನವೂ ಹೋಯಿತು, ನೂರಕ್ಕೆ ಮೂರಕ್ಕಿಂತ ಹೆಚ್ಚು ತೂಕವೂ ಹೋಯಿತು, ಕಾಳು ಒಡೆಯುವುದೂ ಜಾಸ್ತಿ.

ಮೆಕ್ಕೆಜೋಳವನ್ನು ಐದಾರು ತಿಂಗಳೊಳಗೆ ಖಾಲಿ ಮಾಡುವುದಾದರೆ 14ರಿಂದ 15, ವರ್ಷ ದಾಟುವುದಾದರೆ 13. ಸೋಯಾಗೆ 13, ಹೆಚ್ಚುಕಾಲಕ್ಕೆ 11ರಿಂದ 12. ಬಿತ್ತನೆಗೆ ಇಡುವ ಯಾವ ಕಾಳನ್ನೂ 43 ಡಿಗ್ರಿ ಸೆಲ್ಸಿಯಸಿಗಿಂತ ಬಿಸಿ ಮಾಡಬಾರದು, ಮೊಳಕೆ ಸಾಯುತ್ತದೆ.

ತೇವಾಂಶದ ಮೀಟರನ್ನು ಈಗಲೇ ಪರೀಕ್ಷಿಸಿ. ನೀವು ಮಾರುವ ಕಡೆಯ ಮೀಟರಿನಲ್ಲಿ ಅಳೆದ ಅದೇ ಕಾಳನ್ನು, ಗಾಳಿಯಾಡದ ಡಬ್ಬಿಯಲ್ಲಿ ತಂದು ನಿಮ್ಮದರಲ್ಲಿ ಅಳೆಯಿರಿ. ಒಂದೇ ಮಾದರಿಯನ್ನು ಮೂರು ಸಲ ಸುರಿದು ಸರಾಸರಿ ತೆಗೆಯಿರಿ. ಆಗತಾನೆ ಒಣಗಿಸಿದ ಕಾಳಿನ ಹೊರಮೈ ಒಣಗಿ ಒಳಗೆ ನೀರು ಉಳಿದಿರುತ್ತದೆ, ಮೀಟರ್ ಕಡಿಮೆ ತೋರಿಸುತ್ತದೆ. ಅದೇ ಕಾಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಮಾರನೆಯ ಬೆಳಗ್ಗೆ ಅಳೆದರೆ ನಿಜ ತಿಳಿಯುತ್ತದೆ.

ಕಣಜದಲ್ಲಿ ಹಳೆಯ ಕಾಳು ಒಂದು ಬೊಗಸೆಯೂ ಇರಬಾರದು. ಹುಳು ಬರುವುದು ಹೊಲದಿಂದ ಅಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಹೆಚ್ಚಿನದು ಮೂಲೆಯಲ್ಲುಳಿದ ಹಳೇ ಕಾಳಿನಿಂದ, ಕಾಳು ಸಾಗಿಸುವ ಆಗರ್ ಕೊಳವೆಯೊಳಗಿನ ಕಸದಿಂದ, ಗಾಳಿಯ ತೂತಿರುವ ನೆಲಹಾಸಿನ ಕೆಳಗಿನ ಪುಡಿಯಿಂದ. ಸೊಂಡಿಲು ಹುಳು ಕಾಳಿನೊಳಗೇ ಮೊಟ್ಟೆಯಿಡುತ್ತದೆ, ಹೊರಗೆ ಕಾಣುವ ಹೊತ್ತಿಗೆ ಒಂದು ಪೀಳಿಗೆ ಮುಗಿದಿರುತ್ತದೆ. ಗುಡಿಸಿ, ಊದಿ, ಬಿರುಕು ಮುಚ್ಚಿ, ಗೋಡೆಗೆ ಹೊಡೆಯುವ ಔಷಧವನ್ನು ತುಂಬುವ ಎರಡು ಮೂರು ವಾರ ಮೊದಲೇ ಹೊಡೆಯಿರಿ. ಮಧ್ಯಾಹ್ನ ಒಳಗೆ ನಿಂತು ಬಾಗಿಲು ಮುಚ್ಚಿಸಿ ಮೇಲೆ ನೋಡಿ, ಬೆಳಕು ಇಣುಕಿದ ಕಡೆಯಿಂದಲೇ ಮಳೆನೀರೂ ಬರುತ್ತದೆ.

ಕಣಜದಲ್ಲಿ ಹಾಯಿಸುವ ಗಾಳಿ ಟನ್ ಕಾಳಿಗೆ ನಿಮಿಷಕ್ಕೆ 0.1 ಘನ ಮೀಟರ್ ಇದ್ದರೆ ಒಂದು ಸಲ ಪೂರ್ತಿ ತಂಪಾಗಲು ಸುಮಾರು 150 ಗಂಟೆ. ಅರ್ಧಕ್ಕೆ ನಿಲ್ಲಿಸಿದರೆ ತಂಪು ಬಿಸಿ ಕೂಡುವ ಗೆರೆಯಲ್ಲಿ ತೇವ ಕೂತು ಕಾಳು ಅಲ್ಲೇ ಹೆಪ್ಪುಗಟ್ಟುತ್ತದೆ. ಕಣಜ ತುಂಬುವಾಗ ನುಚ್ಚು, ಪುಡಿ ಎಲ್ಲ ನಡುವೆಯೇ ಬೀಳುತ್ತದೆ, ಗಾಳಿ ಅದನ್ನು ತಪ್ಪಿಸಿ ಪಕ್ಕದಲ್ಲಿ ಹೋಗುತ್ತದೆ. ತುಂಬಿದ ಮೇಲೆ ನಡುಬಾಯಿಯಿಂದ ಸ್ವಲ್ಪ ಕಾಳು ಹೊರತೆಗೆದು, ಮೇಲಿನ ಗೋಪುರ ಕುಳಿಯಾಗುವವರೆಗೆ ಇಳಿಸಿ. ಹೊರಬಂದದ್ದರಲ್ಲಿ ಎಷ್ಟು ಪುಡಿ ಎಂದು ನೋಡಿದರೆ ಬೇರೆ ಸಾಕ್ಷಿ ಬೇಡ.

ಒಂದು ಮಾತು ಬಿಡಿಸಿ ಹೇಳಬೇಕು. ಕಾಳು ಹೊರಹರಿಯುತ್ತಿರುವಾಗ ಕಣಜದೊಳಗೆ ಇಳಿದರೆ ನಾಲ್ಕೈದು ಸೆಕೆಂಡಿನಲ್ಲಿ ಕಾಲು ಕಿತ್ತುಕೊಳ್ಳಲಾಗದು, ಇಪ್ಪತ್ತರ ಆಸುಪಾಸಿನಲ್ಲಿ ತಲೆ ಮುಳುಗುತ್ತದೆ. ಹೆಪ್ಪುಗಟ್ಟಿದ ಮೇಲ್ಪದರ ನೆಲದಂತೆ ಕಂಡರೂ ಕೆಳಗೆ ಟೊಳ್ಳಿರಬಹುದು. ಮೋಟರಿನ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿ ಕಿಸೆಯಲ್ಲಿಟ್ಟು, ಹೊರಗೊಬ್ಬರನ್ನು ನಿಲ್ಲಿಸದೆ ಯಾರೂ ಇಳಿಯಬಾರದು.

ಯಂತ್ರ

ಸವೆದ ಭಾಗಗಳನ್ನು ಮುಂದಿನಿಂದ ಹಿಂದಕ್ಕೆ, ಕಾಳು ಹೋಗುವ ದಾರಿಯಲ್ಲೇ ನೋಡುತ್ತ ಬಂದರೆ ಮರೆಯುವುದಿಲ್ಲ. ಯಂತ್ರ ತಿಂಗಳುಗಟ್ಟಲೆ ನಿಂತಿದ್ದರೆ ಮೊದಲು ಇಲಿಗೂಡು. ಒಕ್ಕುವ ಡ್ರಮ್ಮಿನ ಕೆಳಗಿನ ಬಾಗಿದ ಜಾಲರಿಯಾದ ಕಾನ್ಕೇವಿನ ಮೇಲೆ, ಎಂಜಿನ್ನಿನ ವೈರುಗಳ ಪಕ್ಕ, ಸೀಟಿನ ಕೆಳಗೆ. ಕಡಿದ ವೈರು ಓಡುವಾಗ ಹುಡುಕುವುದಕ್ಕಿಂತ ನಿಂತಿದ್ದಾಗ ಹುಡುಕುವುದು ಸುಲಭ.

ಕಟರ್ ಬಾರಿನ ಬ್ಲೇಡು ಮೊಂಡಾಗಿದ್ದರೆ ದಂಟು ಕತ್ತರಿಸದೆ ಎಳೆಯುತ್ತದೆ, ಆ ಎಳೆತಕ್ಕೆ ಸೋಯಾ ಕಾಯಿ ಸಿಡಿಯುತ್ತದೆ. ಬ್ಲೇಡು ತನ್ನ ಕೆಳಗಿನ ಮೊನಚು ಹಲ್ಲಿನ, ಅಂದರೆ ಫಿಂಗರಿನ, ಮೇಲೆ ಚಪ್ಪಟೆಯಾಗಿ ಕೂರಬೇಕು. ಮೇಲಿನ ಹಿಡಿಕೆ ಸಡಿಲವಾದರೆ ಹುಲ್ಲು ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. ಕೈಯಿಂದ ತಿರುಗಿಸಿ ನೋಡಿದಾಗ ಓಟದ ಎರಡೂ ತುದಿಯಲ್ಲಿ ಬ್ಲೇಡಿನ ನಡು ಫಿಂಗರಿನ ನಡುವಿಗೆ ಬಂದು ನಿಲ್ಲಬೇಕು. ಬೆಳೆಯನ್ನು ಬ್ಲೇಡಿನತ್ತ ಬಾಗಿಸುವ ರೀಲಿನ ವೇಗ ಯಂತ್ರದ ಓಟಕ್ಕಿಂತ ಶೇ 10ರಿಂದ 25ರಷ್ಟು ಹೆಚ್ಚಿರಲಿ. ಹೆಚ್ಚಾದರೆ ತೆನೆಯನ್ನು ಬಡಿದು ಉದುರಿಸುತ್ತದೆ, ಕಡಿಮೆಯಾದರೆ ಬೆಳೆಯನ್ನು ಮುಂದಕ್ಕೆ ತಳ್ಳುತ್ತದೆ. ಸೋಯಾದ ಒಟ್ಟು ನಷ್ಟದಲ್ಲಿ ದೊಡ್ಡ ಪಾಲು ಬೆಳೆ ಕೊಯ್ಯುವ ಮುಂಭಾಗವಾದ ಹೆಡರಿನಲ್ಲೇ ಆಗುತ್ತದೆ, ಜರಡಿಯನ್ನು ಎಷ್ಟು ತಿರುವಿದರೂ ಅದು ಸರಿಹೋಗದು.

ಮೆಕ್ಕೆಜೋಳದ ಹೆಡರಿನಲ್ಲಿ ತೆನೆ ಕೀಳುವ ತಟ್ಟೆಗಳ ನಡುವಿನ ಸಂದು ಮುಖ್ಯ. ದಂಟಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಮುಂದಿಗಿಂತ ಹಿಂದೆ ಮೂರು ಮಿಲಿಮೀಟರ್ ಅಗಲ. ಸಂದು ಅಗಲವಾದರೆ ತೆನೆಯ ಬುಡ ಕೆಳಗಿನ ರೋಲರಿಗೆ ತಾಗಿ ಕಾಳು ಅಲ್ಲೇ ಉದುರುತ್ತದೆ. ಕಿರಿದಾದರೆ ದಂಟು ಮುರಿದು ಎಲೆ, ಕಸ ಎಲ್ಲ ಒಳಗೆ ಹೋಗುತ್ತದೆ. ಬರದ ವರ್ಷ ದಂಟು ಸಪೂರ, ಹೋದ ಸಲದ ಅಳತೆ ನಡೆಯದು.

ಡ್ರಮ್ಮಿನ ವೇಗವನ್ನು ಸುತ್ತಿನಲ್ಲಿ ಹೇಳುವುದು ವಾಡಿಕೆ, ಆದರೆ ಕಾಳಿಗೆ ತಾಗುವುದು ಅಂಚಿನ ವೇಗ. ಗೋಧಿಗೆ ಸೆಕೆಂಡಿಗೆ 30 ಮೀಟರ್ ಆಸುಪಾಸು, ಮೆಕ್ಕೆಜೋಳಕ್ಕೆ 15, ಸೋಯಾಗೆ 10ರಿಂದ 15. ಡ್ರಮ್ಮು 60 ಸೆಂಟಿಮೀಟರ್ ಅಡ್ಡಳತೆಯದಾದರೆ ಸುತ್ತಳತೆ 1.88 ಮೀಟರ್, 15 ಮೀಟರಿಗೆ ನಿಮಿಷಕ್ಕೆ ಸುಮಾರು 480 ಸುತ್ತು, 30ಕ್ಕೆ 955. ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದರಿಂದಲೇ ಶುರುಮಾಡಿ. ಕಾನ್ಕೇವಿನ ಸಂದು ಮೆಕ್ಕೆಜೋಳಕ್ಕೆ ದಿಂಡಿನ ದಪ್ಪದಷ್ಟು, 25ರಿಂದ 30 ಮಿಲಿಮೀಟರ್. ಹಿಂದೆ ಬೀಳುವ ದಿಂಡು ಇಡಿಯಾಗಿ ಅಥವಾ ಎರಡು ತುಂಡಾಗಿ ಇರಬೇಕು. ಪುಡಿಯಾಗಿ ಬಂದರೆ ಕಾಳೂ ಒಡೆಯುತ್ತಿದೆ ಎಂದು ಬೇರೆ ಹೇಳಬೇಕಿಲ್ಲ. ಡ್ರಮ್ಮಿನ ಪಟ್ಟಿ ಬದಲಿಸುವಾಗ ಒಂದನ್ನು ಬದಲಿಸಿದರೆ ಎದುರಿನದನ್ನೂ ಬದಲಿಸಿ, ಇಲ್ಲದಿದ್ದರೆ ಡ್ರಮ್ಮಿನ ಸಮತೂಕ ತಪ್ಪಿ ಇಡೀ ಯಂತ್ರ ನಡುಗುತ್ತದೆ.

ಕಾಳನ್ನು ಟ್ಯಾಂಕಿಗೆ ಏರಿಸುವ ಎಲಿವೇಟರಿನ ಚೈನನ್ನು ಕೆಳಗಿನ ಸ್ಪ್ರಾಕೆಟಿನ ಮೇಲೆ ಕೈಯಿಂದ ಪಕ್ಕಕ್ಕೆ ಸರಿಸಲು ಬರುವಷ್ಟು ಸಡಿಲ ಬಿಡಿ, ಮೇಲಕ್ಕೆ ಎತ್ತಲು ಬರುವಷ್ಟಲ್ಲ. ಎಲಿವೇಟರಿನ ತಳದ ಬಾಗಿಲನ್ನು ಬಿಗಿಯಾಗಿ ಮುಚ್ಚಿ: ಅಲ್ಲಿನ ಒಂದು ಸಣ್ಣ ಸಂದಿನಿಂದ ದಿನವಿಡೀ ಕಾಳು ಸೋರಿದರೂ ಕ್ಯಾಬಿನ್ನಿನಲ್ಲಿ ಕೂತವರಿಗೆ ಗೊತ್ತಾಗದು.

ಬೆಂಕಿ ಹತ್ತುವುದು ಹೆಚ್ಚಾಗಿ ಎಂಜಿನ್ ಸುತ್ತ ಕೂತ ಒಣ ಹೊಟ್ಟಿನಿಂದ, ಸುಟ್ಟ ಬೇರಿಂಗಿನಿಂದ. ದಿನಾ ಬೆಳಗ್ಗೆ ಗಾಳಿಯೂದಿ ಸ್ವಚ್ಛ ಮಾಡಿ. ಸಂಜೆ ನಿಲ್ಲಿಸಿದ ಕೂಡಲೇ ತಾಪ ಅಳೆಯುವ ಗನ್ ಹಿಡಿದು ಬೇರಿಂಗುಗಳನ್ನು ನೋಡುತ್ತ ಬನ್ನಿ. ಉಳಿದೆಲ್ಲಕ್ಕಿಂತ ಒಂದು ಮಾತ್ರ ಬಿಸಿಯಿದ್ದರೆ ಅದನ್ನು ಆ ರಾತ್ರಿಯೇ ಬದಲಿಸಿ. ಬೆಂಕಿ ಆರಿಸುವ ಸಿಲಿಂಡರ್ ಎರಡಿರಲಿ, ಒಂದು ಕ್ಯಾಬಿನ್ನಿನಲ್ಲಿ, ಇನ್ನೊಂದು ನೆಲದಲ್ಲಿ ನಿಂತವರ ಕೈಗೆಟಕುವಲ್ಲಿ. ಹೊಲದ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಆಗರ್ ಕೊಳವೆ ಬಿಚ್ಚಿದಾಗಿನ ಎತ್ತರವನ್ನು ಮೊದಲೇ ಅಳೆದಿಟ್ಟುಕೊಳ್ಳಿ.

ಮೊದಲ ಅರ್ಧ ಗಂಟೆ

ಕೊಯ್ಲು ಶುರುವಾಗಿ ಐವತ್ತು ಮೀಟರ್ ಹೋದ ಮೇಲೆ ನಿಲ್ಲಿಸಿ, ಐದಾರು ಮೀಟರ್ ಹಿಂದೆ ಬನ್ನಿ. ಒಂದು ಚದರ ಮೀಟರಿನ ಚೌಕಟ್ಟು ಬೇಕು, ಕಡ್ಡಿಯದಾದರೂ ಸಾಕು. ಮೂರು ಕಡೆ ಎಣಿಸಿ: ಇನ್ನೂ ಕೊಯ್ಯದ ಬೆಳೆಯೊಳಗೆ ಮೊದಲೇ ಉದುರಿದ್ದು; ಕೊಯ್ದ ಅಂಚಿಗೂ ಯಂತ್ರದ ಮುಂಭಾಗಕ್ಕೂ ನಡುವೆ ಹೆಡರ್ ಉದುರಿಸಿದ್ದು; ಯಂತ್ರದ ಹಿಂದೆ ಹೊಟ್ಟಿನೊಂದಿಗೆ ಬಂದದ್ದು. ಮೆಕ್ಕೆಜೋಳದಲ್ಲಿ ಚದರ ಮೀಟರಿಗೆ 10 ಕಾಳು ಎಂದರೆ ಎಕರೆಗೆ 11 ಕಿಲೊ. ಸೋಯಾದಲ್ಲಿ 10 ಕಾಳಿಗೆ ಸುಮಾರು 6 ಕಿಲೊ. ಗೋಧಿಯಲ್ಲಿ 100 ಕಾಳಿಗೆ 16 ಕಿಲೊ.

ಯಂತ್ರದ ಹಿಂದೆ ಮಾಡುವ ಎಣಿಕೆಯಲ್ಲಿ ಒಂದು ಗೊಂದಲವಿದೆ. ಹೆಡರ್ 3.6 ಮೀಟರ್ ಅಗಲ ಕೊಯ್ದು ಹೊಟ್ಟನ್ನು 1.2 ಮೀಟರಿನಲ್ಲೇ ಬೀಳಿಸುತ್ತಿದ್ದರೆ ಅಲ್ಲಿ ಎಣಿಸಿದ್ದನ್ನು ಮೂರರಿಂದ ಭಾಗಿಸಬೇಕು. ಇದನ್ನು ಮರೆತು ಗಾಬರಿಯಾಗಿ ಫ್ಯಾನು ಇಳಿಸಿದವರ ಟ್ಯಾಂಕಿನಲ್ಲಿ ಸಂಜೆಗೆ ಕಸವೇ ಹೆಚ್ಚು. ಹಿಂದೆ ಬಿದ್ದ ದಿಂಡಿನಲ್ಲೇ ಕಾಳು ಅಂಟಿದ್ದರೆ ಡ್ರಮ್ಮಿನ ತಪ್ಪು; ಬಿಡಿಕಾಳು ಬಿದ್ದಿದ್ದರೆ ಜರಡಿ, ಫ್ಯಾನು ಅಥವಾ ಅತಿವೇಗ. ಟ್ಯಾಂಕಿನಲ್ಲಿ ಒಡೆದ ಕಾಳು ಹೆಚ್ಚಿದ್ದರೆ ಮೊದಲು ಡ್ರಮ್ಮಿನ ವೇಗ ಇಳಿಸಿ, ಅದರಿಂದ ಆಗದಿದ್ದರೆ ಮಾತ್ರ ಕಾನ್ಕೇವ್ ಅಗಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಐವತ್ತು ಮೀಟರ್ ಹೋಗಿ, ಮತ್ತೆ ಎಣಿಸಿ. ಬೆಳಗ್ಗೆ ಹೊಂದಿಸಿದ್ದು ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ಬಿಸಿಲೇರಿ ಕಾಳು ಒಣಗಿದಂತೆ ಡ್ರಮ್ಮಿನ ವೇಗ ಇಳಿಯಬೇಕು, ಇಬ್ಬನಿ ಬೀಳುವ ಹೊತ್ತಿಗೆ ಮತ್ತೆ ಏರಬೇಕು.